ಕೇಸ್ ಪೇಪರ್ ಮಾಡಿಸಿ, ಮನಸ್ಸಿನ ಡಾಕ್ಟರನ್ನು ಕಾಣಿ

ಮುಂಬೈಯಲ್ಲಿ ಖಾಸಗಿ ಕೌನ್ಸೆಲರ್ ಮುಂದೆ ಒಂದು ಗಂಟೆ ಕೂತರೆ 1,500ರಿಂದ 2,000 ರೂಪಾಯಿ ಆಗುವುದು ಸಾಮಾನ್ಯ. ವಾರಕ್ಕೊಮ್ಮೆಯಂತೆ ಮೂರು ತಿಂಗಳು ಹೋಗುವುದು ಹೋಟೆಲ್ ಕೆಲಸದವರಿಗೆ, ಮನೆ ಸಾಲದ ಕಂತು ಕಟ್ಟುವವರಿಗೆ ಆಗದ ಮಾತು. ಹಾಗೆಂದು ಸುಮ್ಮನೆ ನರಳಬೇಕಾಗಿಲ್ಲ. ಪರೇಲಿನ ಕೆಇಎಂ, ಸಯನ್, ಮುಂಬೈ ಸೆಂಟ್ರಲ್‌ನ ನಾಯರ್, ಭಾಯಖಳಾದ ಜೆ.ಜೆ. ಇವೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಹೆಸರು ನೋಂದಾಯಿಸಿ ಕೊಡುವ ಚೀಟಿಗೆ ಅಲ್ಲಿ ಕೇಸ್ ಪೇಪರ್ ಎನ್ನುತ್ತಾರೆ. ಅದರ ಅಲ್ಪ ಶುಲ್ಕಕ್ಕೆ ಮಾನಸಿಕ ಚಿಕಿತ್ಸೆ ಸಿಗುತ್ತದೆ. ಪುಣೆಯವರಿಗೆ ಸಸೂನ್ ಇದೆ, ಗೋವಾದವರಿಗೆ ಬಾಂಬೋಳಿಯ ಮಾನಸಿಕ ಆಸ್ಪತ್ರೆ ಐಪಿಎಚ್‌ಬಿ.

ನಿಮ್ಮನ್ನು ಮೊದಲು ನೋಡುವವರು ಎಂ.ಡಿ. ಓದುತ್ತಿರುವ ರೆಸಿಡೆಂಟ್ ಡಾಕ್ಟರ್, ಎಂದರೆ ಎಂಬಿಬಿಎಸ್ ಮುಗಿಸಿದ ವೈದ್ಯರೇ. ಮಾತಿನ ಚಿಕಿತ್ಸೆಗೆ ಮನಶ್ಶಾಸ್ತ್ರದ ತರಬೇತಿಯಲ್ಲಿರುವವರು ಸಿಗಬಹುದು. ಕಲಿಯುವವರ ಕೈಗೆ ನಮ್ಮವರನ್ನು ಒಪ್ಪಿಸುವುದೇ ಎಂಬ ಅಳುಕು ಸಹಜ. ಆದರೆ ಅವರು ಕೇಳಿ ಬರೆದುಕೊಂಡದ್ದನ್ನು ಹಿರಿಯ ವೈದ್ಯರ ಮುಂದಿಟ್ಟು ಚರ್ಚಿಸಬೇಕು. ಹಾಗಾಗಿ ನಿಮ್ಮ ಬಗ್ಗೆ ಇಬ್ಬರು ಯೋಚಿಸುತ್ತಾರೆ. 'ನಿಮ್ಮ ಮೇಲಿನ ಡಾಕ್ಟರ್ ಯಾರು?' ಎಂದು ಮೊದಲ ದಿನವೇ ಕೇಳಿ, ಹೆಸರು ಬರೆದುಕೊಳ್ಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹೋಗುವ ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಂಡು, ತೊಂದರೆ ಶುರುವಾದ ತಿಂಗಳಿನಿಂದ ಹಿಡಿದು ಸಾಲಾಗಿ ಬರೆಯಿರಿ. 'ಫೆಬ್ರವರಿ: ರಾತ್ರಿ ಎರಡಕ್ಕೇ ಎಚ್ಚರ. ಏಪ್ರಿಲ್: ಲೋಕಲ್ ರೈಲಿನಲ್ಲಿ ಎದೆ ಢವಢವ, ಠಾಣೆಯಲ್ಲೇ ಇಳಿದೆ. ಜೂನ್: ಕೆಲಸಕ್ಕೆ ಎಂಟು ದಿನ ರಜೆ.' ಇಷ್ಟೇ ಸಾಕು. ಕೆಳಗೆ ನಿದ್ದೆ, ಹಸಿವು, ಕುಡಿತ, ಈಗ ನುಂಗುತ್ತಿರುವ ಎಲ್ಲ ಮಾತ್ರೆ, ಕಷಾಯಗಳು ಇರಲಿ. ಕುಡಿತ ಮುಚ್ಚಿಡುವುದು ಎಲ್ಲಕ್ಕಿಂತ ದುಬಾರಿ ತಪ್ಪು. ನಿದ್ದೆ ಮಾತ್ರೆಯೂ ಮದ್ಯವೂ ಸೇರಿದರೆ ಉಸಿರಾಟಕ್ಕೇ ಅಪಾಯ. ಹಳೆಯ ರಕ್ತ ಪರೀಕ್ಷೆಯ ವರದಿಗಳಿದ್ದರೆ ಅವನ್ನೂ ಒಯ್ಯಿರಿ. ಥೈರಾಯ್ಡ್ ಕಡಿಮೆಯಾದರೂ ಖಿನ್ನತೆಯಂತೆಯೇ ಕಾಣುತ್ತದೆ.

ಬೆಳಿಗ್ಗೆ ಓಪಿಡಿ (ಹೊರರೋಗಿ ವಿಭಾಗ) ತೆರೆಯುವ ಮೊದಲೇ ಕೇಸ್ ಪೇಪರ್ ಕೊಡುವ ಕಿಟಕಿಯ ಮುಂದೆ ನಿಲ್ಲಿ. ತಡವಾಗಿ ಹೋದರೆ ಕೇಸ್ ಪೇಪರ್ ಕೊಡುವುದು ಮುಗಿದಿರುತ್ತದೆ, ಅರ್ಧ ದಿನದ ಸಂಬಳವೂ ಹೋಗಿರುತ್ತದೆ. ಫಲಕದ ಮೇಲೆ ಮರಾಠಿಯಲ್ಲಿ 'ಮನೋವಿಕಾರ' ಅಥವಾ 'ಮಾನಸೋಪಚಾರ' ಎಂದಿರುವ ವಿಭಾಗ ನಿಮ್ಮದು. 'ವಿಕಾರ' ಎಂಬ ಪದ ಕಂಡು ಹೆದರಬೇಡಿ, ಮರಾಠಿಯಲ್ಲಿ ಅದಕ್ಕೆ ಕಾಯಿಲೆ ಎಂದಷ್ಟೇ ಅರ್ಥ.

ಭಾಷೆಯ ಮಾತು ಬಂತು. ಇಲ್ಲಿನ ನಮ್ಮ ಕನ್ನಡಿಗರು ಎಡವುವುದು ಇದರಲ್ಲೇ. ನಾವು 'ಬೇಜಾರು' ಎನ್ನುವುದು ದುಃಖಕ್ಕೆ. ಮರಾಠಿ, ಹಿಂದಿಯವರ ಕಿವಿಗೆ ಅದು 'ರೋಸಿಹೋಗಿದ್ದೇನೆ' ಎಂದು ಬೀಳುತ್ತದೆ. ನಮಗೆ 'ಸಂಕಟ' ಎಂದರೆ ಹೊಟ್ಟೆ ತೊಳಸುವುದು, ಒಳಗೊಳಗೇ ಹಿಂಡುವುದು; ಅವರಿಗೆ ಅದು ವಿಪತ್ತು. 'ಸಂಕಟ ಆಗ್ತಿದೆ' ಎಂದ ಅಮ್ಮನಿಗೆ 'ಯಾವ ಸಂಕಟ ಬಂತು?' ಎಂಬ ಪ್ರಶ್ನೆ ಎದುರಾದರೆ ಅರ್ಧ ಗಂಟೆ ಅಲ್ಲೇ ಕಳೆಯಿತು. ಪದದ ಬದಲು ದೇಹದಲ್ಲಿ ಆಗುವುದನ್ನು ಹೇಳಿ: ಎಲ್ಲಿ, ಎಷ್ಟು ಹೊತ್ತು, ಏನು ಮಾಡುವಾಗ. ಅನುವಾದಿಸಲು ಒಬ್ಬರು ಜೊತೆಗಿರಲಿ, ಆದರೆ ಅವರೇ ಉತ್ತರ ಕೊಡುವುದು ಬೇಡ. ಕೊನೆಯ ಹತ್ತು ನಿಮಿಷ ಒಬ್ಬರೇ ಮಾತಾಡುತ್ತೇನೆಂದು ಕೇಳಿಕೊಳ್ಳಿ. ಗಂಡ, ಅತ್ತೆ, ಅಣ್ಣನ ಮುಂದೆ ಬಾಯಿಗೆ ಬಾರದ್ದು ಆಗ ಬರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ.

ಖಿನ್ನತೆ ಎಷ್ಟಿದೆ ಎಂದು ಅಳೆಯಲು ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಡಬಹುದು. ಕಳೆದ ಎರಡು ವಾರದ ಬಗ್ಗೆ ಅದು ಕೇಳುತ್ತದೆ, ಒಟ್ಟು ಅಂಕ 27. ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತು. ದಯವಿಟ್ಟು ಅದಕ್ಕೆ ನಿಜ ಬರೆಯಿರಿ. ಅಂಥ ಯೋಚನೆ ಈಗಲೇ ಬಲವಾಗಿದ್ದರೆ ಓಪಿಡಿಗೆ ಕಾಯಬೇಡಿ. ಯಾವ ಹೊತ್ತಿನಲ್ಲಾದರೂ ಆಸ್ಪತ್ರೆಯ ಕ್ಯಾಶುವಾಲ್ಟಿಗೆ (ತುರ್ತು ವಿಭಾಗಕ್ಕೆ) ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಮಾತ್ರೆ ಬರೆದುಕೊಟ್ಟರೆ ಮೊದಲ ವಾರ ಕಷ್ಟದ್ದು. ಖಿನ್ನತೆಯ ಸಾಮಾನ್ಯ ಮಾತ್ರೆಗಳು ಶುರುವಿನಲ್ಲಿ ವಾಕರಿಕೆ, ತಲೆನೋವು ತರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. 'ಉಪಯೋಗವಿಲ್ಲ' ಎಂದು ಹತ್ತನೇ ದಿನಕ್ಕೆ ಬಿಡುವವರು ಕಷ್ಟವನ್ನಷ್ಟೇ ಅನುಭವಿಸಿ ಫಲ ಬರುವ ಹೊತ್ತಿಗೆ ಎದ್ದುಹೋದಂತೆ. ಚಡಪಡಿಕೆ ಅಥವಾ ಸಾಯುವ ಯೋಚನೆ ಹೆಚ್ಚಿದರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ಆ ದಿನವೇ ಡಾಕ್ಟರಿಗೆ ತೋರಿಸಿ. ಗುಣವಾದ ಮೇಲೂ ಡಾಕ್ಟರ್ ಹೇಳಿದಷ್ಟು ತಿಂಗಳು ಮುಂದುವರಿಸಿ, ನಿಲ್ಲಿಸುವಾಗ ಅವರು ಹೇಳಿದಂತೆ ನಿಧಾನವಾಗಿ ಇಳಿಸಿ.

ಮಾತಿನ ಚಿಕಿತ್ಸೆಗೆ ಸರದಿ ಇರುತ್ತದೆ, ಕೆಲವು ವಾರ ಕಾಯಬೇಕಾದೀತು. ಸಾಮಾನ್ಯವಾಗಿ ವಾರಕ್ಕೊಮ್ಮೆ 45–50 ನಿಮಿಷ, 12ರಿಂದ 16 ಭೇಟಿ. ಅಲ್ಲಿ ಬರೀ ಸಮಾಧಾನ ಹೇಳಿ ಕಳಿಸುವುದಿಲ್ಲ, ಮನೆಪಾಠ ಕೊಡುತ್ತಾರೆ. ಡೊಂಬಿವಲಿಯವರೊಬ್ಬರಿಗೆ ರೈಲಿನ ಭಯ ಎಂದಿಟ್ಟುಕೊಳ್ಳಿ. ಮೊದಲ ವಾರ ಮಧ್ಯಾಹ್ನದ ಹೊತ್ತು ಪ್ಲಾಟ್‌ಫಾರಂ ಮೇಲೆ ಕೂರುವುದಷ್ಟೇ. ಆಮೇಲೆ ಸ್ಲೋ ಗಾಡಿಯಲ್ಲಿ ಕೋಪರ್‌ವರೆಗೆ ಒಂದೇ ಸ್ಟೇಷನ್, ಆಮೇಲೆ ದಿವಾ, ಠಾಣೆ. ಎದೆ ಹೊಡೆದುಕೊಳ್ಳುವಾಗ ಇಳಿದು ಓಡಬಾರದು. ಓಡಿದರೆ 'ಇಳಿದದ್ದರಿಂದ ಬದುಕಿದೆ' ಎಂದು ಮನಸ್ಸು ಕಲಿಯುತ್ತದೆ. ಕೂತೇ ಇದ್ದರೆ ಭಯ ಏರಿ ತಾನಾಗಿ ಇಳಿಯುವುದನ್ನು ಅದು ಕಾಣುತ್ತದೆ. ನಾಲ್ಕೈದನೇ ಭೇಟಿಯ ಸುಮಾರಿಗೆ 'ಇನ್ನೇನೂ ಆಗುತ್ತಿಲ್ಲ' ಅನಿಸಬಹುದು. ಬರುವುದನ್ನು ನಿಲ್ಲಿಸದೆ ಅದನ್ನೇ ಅವರಿಗೆ ಹೇಳಿ.

ತರಬೇತಿ ಜಾಗದ ನಿಜವಾದ ಕೊರತೆ ಒಂದಿದೆ: ಆ ವಿಭಾಗದಲ್ಲಿನ ಪೋಸ್ಟಿಂಗ್ (ನಿಯೋಜನೆಯ ಅವಧಿ) ಮುಗಿದರೆ ನಿಮ್ಮನ್ನು ನೋಡುವವರು ಬದಲಾಗುತ್ತಾರೆ. ಎಲ್ಲ ಮೊದಲಿನಿಂದ ಹೇಳಬೇಕಲ್ಲ ಎಂದು ಎಷ್ಟೋ ಜನ ಆಗಲೇ ಬಿಟ್ಟುಬಿಡುತ್ತಾರೆ. ಆದ್ದರಿಂದ ಶುರುವಿನಲ್ಲೇ 'ನೀವು ಎಷ್ಟು ದಿನ ಇರುತ್ತೀರಿ?' ಎಂದು ಕೇಳಿ. ಅವರು ಹೊರಡುವ ಮುನ್ನ ಅದುವರೆಗಿನ ಚಿಕಿತ್ಸೆಯನ್ನು ಕೇಸ್ ಪೇಪರಿನಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ಹೊಸಬರ ಜೊತೆ ಒಂದು ಭೇಟಿ ಹಳಬರ ಎದುರಿಗೇ ನಡೆಯಲಿ. ಪ್ರತಿ ಭೇಟಿಯ ನಂತರ ಪೇಪರಿನ ಎರಡೂ ಬದಿಯ ಫೋಟೊ ತೆಗೆದಿಡಿ. ಮಳೆಗಾಲದಲ್ಲಿ ಚೀಲದೊಳಗೆ ನೆನೆದು ಶಾಯಿ ಹರಡಿದ ಪೇಪರಿನಲ್ಲಿ ಮಾತ್ರೆಯ ಪ್ರಮಾಣ ಯಾರಿಗೂ ಓದಲಾಗುವುದಿಲ್ಲ.