ಮಾರುತಿ 800: ಬ್ರೇಕ್ ಮಾಸ್ಟರ್ ಸಿಲಿಂಡರ್ ಲೀಕ್ ಕಿಟ್‌ನಲ್ಲೇ ನಿಂತಿತು

ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ನನ್ನ ಕಾರಿನಲ್ಲಿ ಸೋರುತ್ತಿತ್ತು. ಹಳೇ ಸಿಲಿಂಡರ್‌ಗೆ ಕಿಟ್ (ಒಳಗಿನ ರಬ್ಬರ್ ವಾಷರ್‌ಗಳ ಸೆಟ್) ನಿಲ್ಲಲ್ಲ, ಅಸೆಂಬ್ಲಿನೇ (ಇಡೀ ಹೊಸ ಸಿಲಿಂಡರ್) ಹಾಕಿ ಅಂತ ಕೇಳಿದ ಕಡೆಯೆಲ್ಲ ಹೇಳಿದರು. ನನ್ನ ಬೂಸ್ಟರ್ (ಪೆಡಲ್ ಒತ್ತಡಕ್ಕೆ ಬಲ ಕೂಡಿಸುವ ಭಾಗ) ಇರುವ 800ಕ್ಕೆ ಎರಡನೇ ಸಲ ಹಾಕಿದ ಕಿಟ್ ಒಂದು ಮಳೆಗಾಲ ದಾಟಿದೆ, ಸಿಲಿಂಡರ್ ಮೇಲಿನ ಡಬ್ಬಿಯ ಆಯಿಲ್ ಮಟ್ಟ ಗೆರೆ ಬಿಟ್ಟು ಇಳಿದಿಲ್ಲ.

ಮೊದಲು ಲೀಕ್ ಎಲ್ಲಿ ಅಂತ ಖಚಿತವಾಗಬೇಕು. ನಾಲ್ಕೂ ಚಕ್ರ ಒಣಗಿದ್ದು, ಪೈಪ್ ಒಣಗಿದ್ದು, ಡಬ್ಬಿಯಲ್ಲಿ ಮಾತ್ರ ಆಯಿಲ್ ಇಳಿಯುತ್ತಿದ್ದರೆ ಅದು ಹಿಂದಿನ ವಾಷರ್ ದಾಟಿ ಬೂಸ್ಟರ್ ಒಳಗೆ ಹೋಗುತ್ತಿದೆ. ಸಿಲಿಂಡರ್‌ನ ಎರಡು ನಟ್ ಬಿಚ್ಚಿ ಮುಂದಕ್ಕೆ ಎಳೆದರೆ ಹಿಂಭಾಗ ಒದ್ದೆ ಕಾಣುತ್ತದೆ. ಒಳಗೆ ನಿಂತದ್ದನ್ನು ಸಿರಿಂಜ್‌ನಲ್ಲಿ ಹೀರಿ ತೆಗೆಯದಿದ್ದರೆ ಬೂಸ್ಟರ್‌ನ ರಬ್ಬರ್ ಡಯಾಫ್ರಮ್ ಕೆಡುತ್ತದೆ. ಆಯಿಲ್ ಇಳಿಯದೆ ಪೆಡಲ್ ಮಾತ್ರ ಮೆಲ್ಲಗೆ ಕುಸಿದರೆ ಸಿಲಿಂಡರ್ ಒಳಗೇ ಆಯಿಲ್ ವಾಷರ್ ದಾಟಿ ಬೈಪಾಸ್ ಆಗುತ್ತಿರಬಹುದು. ಆಗ ಪೈಪ್ ಬಿಚ್ಚಿ, ಸಿಲಿಂಡರ್‌ನ ತೂತುಗಳಿಗೆ ಡಮ್ಮಿ (ಮುಚ್ಚುವ ಬೋಲ್ಟ್) ಹಾಕಿ, ಗಾಳಿ ತೆಗೆದು ತುಳಿಯಿರಿ. ಪೆಡಲ್ ಕಲ್ಲಿನಂತೆ ನಿಂತರೆ ಸಿಲಿಂಡರ್ ಸರಿಯಿದೆ, ದೋಷ ಮುಂದೆ ಇದೆ. ಈ ಒಂದು ಪರೀಕ್ಷೆ ಅನಾವಶ್ಯಕ ಖರ್ಚು ಎಷ್ಟೋ ಉಳಿಸುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆಗ ಕಿಟ್ ಸುಮಾರು 300 ರೂಪಾಯಿ, ಅಸೆಂಬ್ಲಿ 2000ದ ಆಸುಪಾಸು ಹೇಳಿದ ನೆನಪು. ಮೊದಲು ಹಾಕಿದ ಕಿಟ್ ಬೇಗ ಸೋತಿತು. ಬಿಚ್ಚಿ ನೋಡಿದರೆ ವಾಷರ್‌ನ ತುಟಿ ಹರಿದಿತ್ತು. ಕಾರಣ ಸ್ಪಷ್ಟ: ದಿನನಿತ್ಯ ಪಿಸ್ಟನ್ ಬೋರ್‌ನ (ಸಿಲಿಂಡರ್‌ನ ಒಳಕೊಳವೆಯ) ಕೊನೆಯವರೆಗೆ ಹೋಗುವುದಿಲ್ಲ. ಹಳೇ ಆಯಿಲ್ ಹೀರಿಕೊಂಡ ನೀರಿನಿಂದ ಅಲ್ಲಿ ತುಕ್ಕು ಕೂರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ತುಳಿದರೆ ಹೊಸ ವಾಷರ್ ಆ ತುಕ್ಕಿನ ಮೇಲೆ ಉಜ್ಜುತ್ತದೆ. ಸೋಲು ಕಿಟ್‌ನದಲ್ಲ.

ಎರಡನೇ ಸಲ ಬೋರನ್ನು ಬೆಳಕಿಗೆ ಹಿಡಿದು, ಉಗುರು ಎಳೆದು ನೋಡಿದೆ. ಗುಳಿಗೆ ಉಗುರು ಸಿಕ್ಕಿದರೆ ಆ ಸಿಲಿಂಡರ್ ಗುಜರಿಗೆ, ಅದರಲ್ಲಿ ಚೌಕಾಸಿ ಬೇಡ. ಅಯಸ್ಕಾಂತ ಹಿಡಿಯುವ ಬೀಡುಕಬ್ಬಿಣವಾದರೆ ಮಾತ್ರ ಹಗುರವಾಗಿ ಹೋನ್ ಮಾಡಬಹುದು (ಕಲ್ಲಿನಿಂದ ಉಜ್ಜಿ ನಯ ಮಾಡಬಹುದು); ಅಲ್ಯೂಮಿನಿಯಂ ಆದರೆ ಉಜ್ಜಿದಾಗ ಮೇಲಿನ ಲೇಪ ಹೋಗಿ ಬೋರ್ ಬೇಗ ತಿಂದುಹೋಗುತ್ತದೆ. ಹೋನ್‌ಗೆ ನಾನು ಬಳಸುವ ಕಲ್ಲು, ವೇಗ ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಕೈ ಕೂರದೆ ಮಾಡಿದರೆ ಬೋರ್ ಹಾಳು. ತೊಳೆಯುವುದು ಹೊಸ ಡಾಟ್ 3 ಬ್ರೇಕ್ ಆಯಿಲ್‌ನಲ್ಲೇ. ಪೆಟ್ರೋಲ್, ಗ್ರೀಸ್ ತಾಗಿದ ರಬ್ಬರ್ ಊದಿಕೊಳ್ಳುತ್ತದೆ.

ಕೂಡಿಸುವ ಮುಂಚೆ ಸಿಲಿಂಡರನ್ನು ವೈಸ್‌ನಲ್ಲಿ ಹಿಡಿದು ಏರ್ ತೆಗೆದೆ. ಕಾರಿಗೆ ಹಾಕಿದ ಮೇಲೆ ಪೆಡಲ್ ಕೆಳಗೆ ಮರದ ತುಂಡು ಇಟ್ಟು, ಪೂರ್ತಿ ಇಳಿಯದಂತೆ ತಡೆದು, ದೂರದ ಹಿಂದಿನ ಎಡ ಚಕ್ರದಿಂದ ಶುರು ಮಾಡಿದೆ. ಹಿಂದಿನ ಚಕ್ರದ ನಿಪ್ಪಲ್‌ನಿಂದ (ಗಾಳಿ ಬಿಡುವ ತಿರುಪು) ಸಿರಿಂಜ್‌ನಲ್ಲಿ ಆಯಿಲನ್ನು ಮೇಲಕ್ಕೆ ತಳ್ಳಿಯೂ ನೋಡಿದೆ. ಗಾಳಿ ಬೇಗ ಹೊರಬರುತ್ತದೆ, ಆದರೆ ಕೆಳಗಿನ ಕೊಳೆ ಸಿಲಿಂಡರ್‌ಗೆ ಏರುತ್ತದೆ. ಹೊಸ ಕಿಟ್ ಮೇಲೆ ಅದು ಬೇಡ. ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಆಯಿಲ್ ಹೋಯಿತು.

ಬೂಸ್ಟರ್‌ನಿಂದ ಪಿಸ್ಟನನ್ನು ತಳ್ಳುವ ಪುಶ್‌ರಾಡ್‌ಗೆ ಕೂದಲೆಳೆಯಷ್ಟಾದರೂ ಸಡಿಲ ಇರಲಿ. ಇಲ್ಲದಿದ್ದರೆ ವಾಷರ್ ಡಬ್ಬಿಗೆ ಹೋಗುವ ಸಣ್ಣ ತೂತನ್ನು ಮುಚ್ಚಿಬಿಡುತ್ತದೆ, ಆಯಿಲ್ ಡಬ್ಬಿಗೆ ವಾಪಸಾಗುವುದಿಲ್ಲ, ಸ್ವಲ್ಪ ದೂರ ಓಡಿಸುವುದರಲ್ಲೇ ಬ್ರೇಕ್ ಹಿಡಿದು ಚಕ್ರ ಕಾಯುತ್ತದೆ.