ಕ್ಯಾನ್ಸರ್ ಆಪರೇಷನ್: ಕೀಹೋಲಾ, ಓಪನ್ನಾ? ನಿರ್ಧರಿಸುವುದು ಹೇಗೆ

ನಮ್ಮ ಚಿಕ್ಕಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ ಮನೆಯವರೆಲ್ಲ ಕೂತು ಗಾಯ ಎಷ್ಟುದ್ದ, ಬಿಲ್ ಎಷ್ಟು ಅಂತಷ್ಟೇ ಲೆಕ್ಕ ಹಾಕಿದೆವು. ಆಪರೇಷನ್ನಿನಿಂದ ಮೈಯ ರೋಗನಿರೋಧಕ ಶಕ್ತಿಗೆ ಏನಾಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ನೀವು ಕೇಳಿ.

ಮೊದಲು ಒಳಗೆ ಏನಾಗುತ್ತದೆ ನೋಡಿ. ಚಾಕು ಬಿದ್ದರೆ ದೇಹಕ್ಕೆ ಅದು ಗಾಯವೇ, ಡಾಕ್ಟರ್ ಹಾಕಿದ್ದು ಅಂತ ಅದಕ್ಕೇನು ಗೊತ್ತು? ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಐಎಲ್-6 ಎಂಬ ಉರಿಯೂತದ ಅಂಶ ಏರುತ್ತದೆ, ಅದರ ಹಿಂದೆಯೇ ಲಿವರ್ ಸಿಆರ್‌ಪಿ ಎಂಬ ಉರಿಯೂತ ತೋರಿಸುವ ಪ್ರೋಟೀನ್ ತಯಾರಿಸುತ್ತದೆ, ಎರಡು ಮೂರನೇ ದಿನಕ್ಕೆ ಅದು ತುದಿ ಮುಟ್ಟುತ್ತದೆ. ಇದೇ ಹೊತ್ತಿಗೆ ಕ್ಯಾನ್ಸರ್ ಕಣಗಳನ್ನು ಹುಡುಕಿ ಕೊಲ್ಲುವ ಎನ್‌ಕೆ ಎಂಬ ಬಿಳಿ ರಕ್ತಕಣಗಳು ಕೆಲವು ದಿನ ಮಂಕಾಗುತ್ತವೆ. ಗಡ್ಡೆ ತೆಗೆಯುವಾಗ ಒಂದಿಷ್ಟು ಕಣ ಉದುರಿರಬಹುದು, ಕಾವಲುಗಾರ ತೂಕಡಿಸುವುದೂ ಆಗಲೇ. ಅದಕ್ಕೇ ಈ ದಿನಗಳು ಮುಖ್ಯ.

ಈಗ ಎರಡನ್ನೂ ಹೋಲಿಸಿ. ಓಪನ್ ಅಂದರೆ ಹೊಟ್ಟೆಯ ನಡುವೆ ಉದ್ದ ಕೊಯ್ತ. ಕೀಹೋಲ್‌ನಲ್ಲಿ 5ರಿಂದ 12 ಮಿಲಿಮೀಟರಿನ ನಾಲ್ಕೈದು ತೂತು, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸಿ ಕ್ಯಾಮೆರಾ ಇಳಿಸುತ್ತಾರೆ. ಆದರೆ ಕರುಳಿನ ತುಂಡು ಹೊರತೆಗೆಯಲು ಕೆಲವು ಸೆಂಟಿಮೀಟರ್ ಕೊಯ್ಯಲೇಬೇಕು, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಮರುದಿನ ಹೆಗಲು ನೋವು ಅಂದರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ಆ ಗ್ಯಾಸಿನದ್ದು. ಗಾಯ ಚಿಕ್ಕದಾದ್ದರಿಂದ ಐಎಲ್-6, ಸಿಆರ್‌ಪಿ ಎರಡೂ ಕಡಿಮೆ ಏರುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿದ ಅಧ್ಯಯನದಲ್ಲಿ, ಕೀಹೋಲ್ ಮಾಡಿ ಬೇಗ ಊಟ ಕೊಟ್ಟು ಬೇಗ ನಡೆಸಿದವರಲ್ಲಿ ಬಿಳಿ ರಕ್ತಕಣಗಳ ಚುರುಕು ಎಲ್ಲರಿಗಿಂತ ಚೆನ್ನಾಗಿ ಉಳಿದಿತ್ತು.

ಹಾಗಂತ ಕೀಹೋಲ್ ಮಾಡಿಸಿದರೆ ಕ್ಯಾನ್ಸರ್ ಮರಳಲ್ಲ ಅಂತ ಅಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 872 ಕರುಳಿನ ಕ್ಯಾನ್ಸರ್ ರೋಗಿಗಳಿದ್ದರು. ಮೂರು ವರ್ಷದಲ್ಲಿ ಕ್ಯಾನ್ಸರ್ ಮರಳಿದ್ದು ಕೀಹೋಲ್‌ನಲ್ಲಿ ಶೇ 16, ಓಪನ್‌ನಲ್ಲಿ ಶೇ 18. ಹೆಚ್ಚುಕಡಿಮೆ ಒಂದೇ. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಂತೂ ಲೆಕ್ಕ ತಿರುಗಿಬಿತ್ತು. 2018ರ ಅಧ್ಯಯನದಲ್ಲಿ ನಾಲ್ಕೂವರೆ ವರ್ಷದ ನಂತರ ಕಾಯಿಲೆ ಮರಳದೆ ಉಳಿದವರು ಓಪನ್‌ನಲ್ಲಿ ಶೇ 96.5, ಕೀಹೋಲ್ ಮತ್ತು ರೋಬೋಟ್ ನೆರವಿನ ಕೀಹೋಲ್ ಸೇರಿ ಶೇ 86. ಯಾವ ಅಂಗ ಅನ್ನೋದೇ ಮೊದಲ ಪ್ರಶ್ನೆ, ಗಾಯದ ಅಳತೆ ಆಮೇಲೆ.

ಡಾಕ್ಟರ್ ಹತ್ತಿರ ಹೋದಾಗ ಸಂಕೋಚ ಬಿಟ್ಟು ಕೇಳಿ: ಈ ಜಾಗದ ಗಡ್ಡೆಗೆ ಕೀಹೋಲ್ ಸರಿಯಾ? ನೀವು ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ ಸರ್? ಮಧ್ಯದಲ್ಲಿ ಓಪನ್‌ಗೆ ಬದಲಾಯಿಸಬೇಕಾದರೆ ಯಾವಾಗ? ಹಾಗೆ ಬದಲಾಯಿಸಿದರೆ ಸೋತರು ಅಂದುಕೊಳ್ಳಬೇಡಿ, ಎಷ್ಟೋ ಸಲ ಅದೇ ಸುರಕ್ಷಿತ.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಬೀಡಿ ಸಿಗರೇಟು ಇವತ್ತೇ ಬಿಡಿ, ನಾಲ್ಕು ವಾರ ಮೊದಲೇ ಬಿಟ್ಟರೆ ಶ್ವಾಸಕೋಶಕ್ಕೂ ಗಾಯಕ್ಕೂ ಒಳ್ಳೆಯದು. ಶುಗರ್ ಹತೋಟಿಗೆ ತನ್ನಿ. ರಕ್ತ ಕಡಿಮೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಿ, ಯಾಕಂದರೆ ಆಮೇಲೆ ರಕ್ತ ಕೊಡಿಸಬೇಕಾಗಿ ಬಂದರೆ ಅದೂ ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ಕುಗ್ಗಿಸುತ್ತದೆ. ಬೇಳೆ, ಮೊಟ್ಟೆ, ಮೊಸರು ಜಾಸ್ತಿ ಇರಲಿ. ಉಸಿರು ಎಳೆದು ಚೆಂಡು ಎತ್ತುವ ಮೂರು ಚೆಂಡಿನ ಸ್ಪೈರೋಮೀಟರ್ ಕೊಡ್ತಾರಲ್ವಾ, ಶ್ವಾಸಕೋಶದ ವ್ಯಾಯಾಮಕ್ಕೆ, ಅದನ್ನು ಆಪರೇಷನ್‌ಗೆ ಮೊದಲೇ ಎಳೆದು ರೂಢಿ ಮಾಡಿಕೊಳ್ಳಿ. ಚಿಕ್ಕಮ್ಮ ಮೊದಲ ದಿನ ಒಂದೇ ಚೆಂಡು ಎತ್ತಿದ್ದರು, ವಾರದಲ್ಲಿ ಮೂರೂ ಮೇಲೆ ನಿಂತವು.

ಆಪರೇಷನ್ ಆದಮೇಲೆ ನೋವು ಸಹಿಸಿಕೊಂಡು ಸುಮ್ನೆ ಮಲಗಬೇಡಿ. ನೋವೂ ಎನ್‌ಕೆ ಕಣಗಳನ್ನು ಮಂಕಾಗಿಸುತ್ತದೆ, ಆದ್ದರಿಂದ ನರ್ಸಮ್ಮನಿಗೆ ಹೇಳಿ ಔಷಧಿ ಕೇಳಿ. ಡಾಕ್ಟರ್ ಒಪ್ಪಿದ ಕೂಡಲೇ ಹಾಸಿಗೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿ. ಮೂರು ನಾಲ್ಕನೇ ದಿನದ ಸಿಆರ್‌ಪಿ ಎಷ್ಟು ಬಂತು ಅಂತ ವಿಚಾರಿಸಿ, ಇಳಿಯುವ ಬದಲು ಏರುತ್ತಿದ್ದರೆ ಸೋಂಕೋ, ಕರುಳಿನ ಹೊಲಿಗೆಯ ಹತ್ತಿರ ಸೋರಿಕೆಯೋ ಇರಬಹುದು. ಮನೆಗೆ ಹೊರಡುವ ಮುಂಚೆ ಬಯಾಪ್ಸಿ ರಿಪೋರ್ಟ್ ಯಾವತ್ತು ಅಂತ ಬರೆದುಕೊಳ್ಳಿ. ಕೀಮೋ ಬೇಕಾದರೆ ಸಾಮಾನ್ಯವಾಗಿ ಎಂಟು ವಾರದೊಳಗೆ ಶುರುವಾಗಬೇಕು, ಅಷ್ಟರಲ್ಲಿ ಗಾಯ ಒಣಗಿರಬೇಕು.