ತರುವ ಮೊದಲು ಕಾಯಲಿ: ರಿಟ್ರೀವರ್ ನಾಯಿಗೆ ತರಬೇತಿ ಕೊಡುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಹೊಸ ಬಡಾವಣೆಗಳಲ್ಲಿ ಲ್ಯಾಬ್ರಡಾರ್ ಈಗ ಅಪರೂಪದ ನಾಯಿಯೇನಲ್ಲ. ಅಪರೂಪವಾಗಿರುವುದು ಅದಕ್ಕೆ ತಕ್ಕ ಕೆಲಸ. ಬಂದೂಕಿನ ಏಟಿಗೆ ಬಿದ್ದ ಹಕ್ಕಿಯನ್ನು ಪೊದೆಯಲ್ಲಾಗಲಿ ನೀರಿನಲ್ಲಾಗಲಿ ಹುಡುಕಿ, ಹಲ್ಲು ಊರದೆ ಬಾಯಲ್ಲಿ ಹಿಡಿದು ತಂದು ಬೇಟೆಗಾರನ ಕೈಗೊಪ್ಪಿಸುವುದಕ್ಕಾಗಿಯೇ ಬ್ರಿಟನ್ನಿನಲ್ಲಿ ರೂಪಿಸಿದ ತಳಿ ಇದು. ಅಲ್ಲಿನ ಕೆನೆಲ್ ಕ್ಲಬ್ ಇದನ್ನು 1903ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು. ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದ ಪ್ರಾಣಿಯನ್ನು ಅಟ್ಟಿ ಹಿಡಿಯುವಂಥದ್ದು. ಲ್ಯಾಬ್ರಡಾರಿನಂತೆ ಬಿದ್ದದ್ದನ್ನು ಹುಡುಕಿ ತರುವ ನಾಯಿಗೆ ರಿಟ್ರೀವರ್ ಎಂದು ಹೆಸರು; ಅದರ ಕೆಲಸ ಶುರುವಾಗುವುದೇ ಗುಂಡು ಹಾರಿದ ಮೇಲೆ, ಅದೂ ಅಪ್ಪಣೆಯಾದ ಮೇಲೆ. ಆದ್ದರಿಂದ ಈ ತರಬೇತಿಯ ಅರ್ಧಕ್ಕಿಂತ ಹೆಚ್ಚು ಭಾಗ ಓಡುವುದನ್ನಲ್ಲ, ಓಡದೆ ಕೂರುವುದನ್ನು ಕಲಿಸುವುದಾಗಿದೆ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೌಜುಗ, ಮೊಲ, ನವಿಲು ಮೊದಲಾದವುಗಳ ಬೇಟೆ ಅಪರಾಧ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಅಟ್ಟುವುದು, ಹಾಗೆ ಮಾಡಲು ಯತ್ನಿಸುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತವೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಡಮ್ಮಿಯ ಮೇಲೆ, ಅಂದರೆ ಹಕ್ಕಿಯ ಬದಲು ಎಸೆಯುವ ಬಟ್ಟೆಯ ಚೀಲದ ಮೇಲೆ, ನಡೆಯುವ ತರಬೇತಿ. ಇದರಿಂದ ನಾಯಿಗೆ ನಷ್ಟವೇನೂ ಇಲ್ಲ: ಬೇಟೆ ಕಾನೂನುಬದ್ಧವಾಗಿರುವ ಬ್ರಿಟನ್ನಿನಲ್ಲಿಯೂ ಮೊದಲ ವರ್ಷದ ಪಾಠವೆಲ್ಲ ಬಹುಮಟ್ಟಿಗೆ ಡಮ್ಮಿಯಿಂದಲೇ ನಡೆಯುತ್ತದೆ.

ಮರಿಯ ದಿನಗಳು

ಎಂಟು ವಾರ ತುಂಬಿದ ಮರಿಯನ್ನು ತರುವಾಗ ತಂದೆ ತಾಯಿ ಎರಡರ ಸೊಂಟದ ಎಕ್ಸ್‌ರೇ ವರದಿಯನ್ನು ಕೇಳಿ ನೋಡಬೇಕು, ಏಕೆಂದರೆ ಸೊಂಟದ ಕೀಲಿನ ದೋಷ ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಲಸಿಕೆಗಳನ್ನು ಪಶುವೈದ್ಯರು ಹೇಳಿದ ಕ್ರಮದಲ್ಲಿ ಹಾಕಿಸಿ. ಮೂಳೆ ಬಲಿಯುವವರೆಗೆ, ಅಂದರೆ ಸುಮಾರು ಒಂದು ವರ್ಷದವರೆಗೆ, ಎತ್ತರದಿಂದ ಜಿಗಿಸುವುದು, ಬೈಕಿನ ಹಿಂದೆ ಓಡಿಸುವುದು ಬೇಡ.

ಮೊದಲ ಪಾಠ ಮನೆಯ ಪಡಸಾಲೆಯಲ್ಲೇ ಆಗಲಿ. ಎರಡೂ ಬದಿಗೆ ಗೋಡೆಯಿದ್ದು ಒಂದೇ ದಾರಿಯಿರುವ ಜಾಗದಲ್ಲಿ ಗಂಟು ಹಾಕಿದ ಕಾಲುಚೀಲವನ್ನು ನಾಲ್ಕು ಹೆಜ್ಜೆ ದೂರ ಉರುಳಿಸಿ; ಮರಿ ಅದನ್ನು ಕಚ್ಚಿಕೊಂಡಾಗ ಅದರ ಹಿಂದೆ ಓಡದೆ, ನೀವೇ ಕುಕ್ಕರಗಾಲಿನಲ್ಲಿ ಕೂತು ಹೆಸರು ಹಿಡಿದು ಕರೆಯಿರಿ. ತಂದ ತಕ್ಷಣ ಬಾಯಿಂದ ಕಿತ್ತುಕೊಳ್ಳಬಾರದು. ಎದೆ ಸವರಿ, ಒಂದು ಗಳಿಗೆ ಅದರ ಬಾಯಲ್ಲೇ ಇರಗೊಟ್ಟು, ಆಮೇಲೆ ಕೆಳಗಿನಿಂದ ಅಂಗೈ ಚಾಚಿ ತೆಗೆದುಕೊಳ್ಳಬೇಕು. ದಿನಕ್ಕೆ ಎರಡು ಮೂರು ಸಲ ಸಾಕು. ಇನ್ನೂ ಬೇಕು ಎಂದು ಮರಿ ನೋಡುತ್ತಿರುವಾಗಲೇ ಆಟ ನಿಲ್ಲಿಸಿ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬೀಳುವಾಗ ಒಸಡು ನೋಯುತ್ತದೆ, ಆಗ ಈ ಪಾಠಕ್ಕೆ ಪೂರ್ತಿ ರಜೆ ಕೊಡುವುದೇ ಸರಿ. ಆ ನೋವಿನಲ್ಲಿ ಹಿಡಿದದ್ದನ್ನು ಉಗುಳುವ ಅಭ್ಯಾಸ ಬಿದ್ದರೆ ಬಿಡಿಸುವುದು ಕಷ್ಟ.

ವಿಷಲ್, ಮಾತು, ಸಂಯಮ

ಕೂರುವುದು, ಪಕ್ಕದಲ್ಲೇ ನಡೆಯುವುದು, ಕರೆದಾಗ ಬರುವುದು, ಈ ಮೂರನ್ನು ಆರು ತಿಂಗಳೊಳಗೆ ಗಟ್ಟಿ ಮಾಡಿಕೊಳ್ಳಿ. ಮನೆಯವರೆಲ್ಲ ಒಂದೇ ಮಾತನ್ನು ಬಳಸಬೇಕು. ಅಜ್ಜಿ ಒಂದು, ಮೊಮ್ಮಗ ಇನ್ನೊಂದು ಹೇಳಿದರೆ ನಾಯಿ ಎರಡನ್ನೂ ಬಿಡುತ್ತದೆ. ಮಾತಿನ ಜೊತೆಗೇ ವಿಷಲ್ ಅಭ್ಯಾಸವಾಗಲಿ: ಉದ್ದಕ್ಕೆ ಒಂದು ಸಲ ಊದಿದರೆ ಇದ್ದಲ್ಲೇ ಕೂರಬೇಕು, ಚಿಕ್ಕದಾಗಿ ಮೂರು ನಾಲ್ಕು ಸಲ ಊದಿದರೆ ಬರಬೇಕು.

ನಿಜವಾದ ಪರೀಕ್ಷೆ ಇನ್ನು ಮುಂದೆ. ನಾಯಿಯನ್ನು ಕೂರಿಸಿ, ಉದ್ದನೆಯ ಹಗ್ಗವನ್ನು ಕಾಲಡಿ ಇಟ್ಟುಕೊಂಡು, ಅದರ ಕಣ್ಣೆದುರೇ ಡಮ್ಮಿ ಎಸೆಯಿರಿ. ಅದು ನೆಗೆದರೆ ಬೈಯದೆ, ಮತ್ತೆ ಅದೇ ಜಾಗಕ್ಕೆ ತಂದು ಕೂರಿಸಿ. ಸುಮ್ಮನೆ ಕೂತರೆ, ನೀವೇ ನಡೆದು ಹೋಗಿ ಡಮ್ಮಿ ತಂದು, ಬಂದು ಹೊಗಳಿ. ಎಸೆದದ್ದರಲ್ಲಿ ಅರ್ಧದಷ್ಟನ್ನು ನೀವೇ ತರಬೇಕು ಎಂಬುದು ಹಳೆಯ ತರಬೇತುದಾರರ ನಿಯಮ. ನಮ್ಮವರಿಗೆ ಇದು ಒಗ್ಗುವುದಿಲ್ಲ. ಬಂದವರ ಮುಂದೆ ನಾಯಿ ಓಡಿಸಿ ತೋರಿಸುವ ಉಮೇದು ಹೆಚ್ಚು. ಎಸೆದದ್ದೆಲ್ಲ ತನಗೇ ಸೇರಿದ್ದು ಎಂದು ತಿಳಿದ ನಾಯಿ ಮುಂದೆ ವಿಷಲ್ಲಿಗೂ ನಿಲ್ಲುವುದಿಲ್ಲ, ಅಡ್ಡ ಬಂದ ಕುರಿಮಂದೆಗೂ ನಿಲ್ಲುವುದಿಲ್ಲ.

ಡಮ್ಮಿ ಮನೆಯಲ್ಲೇ ಆಗುತ್ತದೆ. ಹಳೆಯ ಕ್ಯಾನ್ವಾಸ್ ಬಟ್ಟೆಯನ್ನು ಅರ್ಧ ಮೊಳದ ಚೀಲವಾಗಿ ಹೊಲಿಸಿ, ಒಳಗೆ ಹಳೆ ಬಟ್ಟೆ ತುಂಬಿ, ಎಸೆಯಲು ಒಂದು ತುಂಡು ಹಗ್ಗ ಕಟ್ಟಿ. ಮರಿಗೆ ಕಾಲು ಕೆಜಿ, ಬೆಳೆದ ನಾಯಿಗೆ ಸುಮಾರು ಅರ್ಧ ಕೆಜಿ ತೂಕ ಸಾಕು. ನೀರಿಗೆ ಬೇಕಾದದ್ದರೊಳಗೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲಿ ಇಟ್ಟರೆ ತೇಲುತ್ತದೆ.

ಹೊಲದಲ್ಲಿ, ಗಾಳಿಯಲ್ಲಿ

ಬಯಲಿಗೆ ಇಳಿದ ಮೇಲೆ ನಾಯಿಯ ಮೂಗಿಗೆ ಕೆಲಸ. ಸ್ನೇಹಿತರೊಬ್ಬರನ್ನು ಮೂವತ್ತು ನಲವತ್ತು ಹೆಜ್ಜೆ ದೂರ ನಿಲ್ಲಿಸಿ, ಅವರು ಒಮ್ಮೆ ಕೂಗಿ ಡಮ್ಮಿಯನ್ನು ಎತ್ತರಕ್ಕೆ ಎಸೆಯಲಿ. ಅದು ಬಿದ್ದ ಜಾಗವನ್ನು ನಾಯಿ ಕಣ್ಣಲ್ಲಿ ಗುರುತಿಟ್ಟುಕೊಂಡ ಮೇಲೆಯೇ ಬಿಡಿ. ಮೊದಮೊದಲು ಗಾಳಿ ಡಮ್ಮಿಯ ಕಡೆಯಿಂದ ನಾಯಿಯ ಮುಖಕ್ಕೆ ಬೀಸುವಂತೆ ನಿಲ್ಲಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮುಂಗಾರಿನಲ್ಲಿ ಇಲ್ಲಿ ಪಡುವಣದಿಂದ ಬೀಸುವ ಗಾಳಿ ಜೋರಾಗಿಯೂ ಒಂದೇ ದಿಕ್ಕಿನದಾಗಿಯೂ ಇರುವುದರಿಂದ, ವಾಸನೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ನಾಯಿ ಡಮ್ಮಿಯನ್ನು ದಾಟಿ ಹೋಗಿ, ತಟ್ಟನೆ ತಲೆ ತಿರುಗಿಸಿ ಹಿಂದಕ್ಕೆ ಬಂದರೆ ಮೂಗು ಕೆಲಸ ಮಾಡುತ್ತಿದೆ ಎಂದರ್ಥ, ಆ ಹೊತ್ತಿನಲ್ಲಿ ನೀವು ಕೂಗಿ ನೆರವಾಗಲು ಹೋಗಬೇಡಿ.

ಶೇಂಗಾ ಕಿತ್ತ ಹೊಲ ಕಾಲಿಗೆ ಮೆತ್ತಗಿರುತ್ತದೆ. ಮೆಕ್ಕೆಜೋಳ ಕೊಯ್ದ ಹೊಲಕ್ಕೆ ಇಳಿಸಲೇಬಾರದು. ಅದರ ಕೂಳೆ ಅಂಗಾಲನ್ನೂ ಎದೆಯನ್ನೂ ಸೀಳುತ್ತದೆ. ಔಷಧಿ ಹೊಡೆದ ಹೊಲವೂ ಬೇಡ. ಹೊಲದ ಯಜಮಾನರ ಒಪ್ಪಿಗೆ ಪಡೆದೇ ಹೋಗಬೇಕೆಂದು ಬೇರೆ ಹೇಳಬೇಕಿಲ್ಲ. ಜೋಗಿಮಟ್ಟಿ ಮತ್ತು ಜಗಳೂರಿನ ರಂಗಯ್ಯನದುರ್ಗ ಅಭಯಾರಣ್ಯಗಳ ಹತ್ತಿರಕ್ಕೂ ನಾಯಿ ಒಯ್ಯಬೇಡಿ. ಬಯಲಿನಲ್ಲಿಯೂ ನೆಲಗೂಡು ಕಟ್ಟುವ ಟಿಟ್ಟಿಭ ಚೀರುತ್ತ ಸುತ್ತಿದರೆ ನಾಯಿಯನ್ನು ಹಗ್ಗಕ್ಕೆ ಹಾಕಿ ಜಾಗ ಬದಲಿಸಿ.

ಕೈಸನ್ನೆಯ ಪಾಠ ಕೊನೆಗೆ. ನಾಯಿಯನ್ನು ನಿಮಗೆ ಎದುರಾಗಿ ಕೂರಿಸಿ, ಅದರ ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು ಡಮ್ಮಿ ಇಟ್ಟು, ಕೈ ಚಾಚಿದ ಕಡೆಗೆ ಮಾತ್ರ ಹೋಗುವುದನ್ನು ರೂಢಿಸಿ. ಬೀಳುವುದನ್ನು ತಾನು ಕಾಣದ ಡಮ್ಮಿಯನ್ನೂ ನಿಮ್ಮ ಸನ್ನೆಯನ್ನೇ ನಂಬಿ ಹೋಗಿ ತರುವುದು ಈ ವಿದ್ಯೆಯ ಮೇಲ್ಮಟ್ಟ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಸದ್ದಿನ ಅಭ್ಯಾಸಕ್ಕೆ ಬಂದೂಕು ಬೇಕಿಲ್ಲ. ನಾಯಿ ಡಮ್ಮಿಯ ಆಸೆಯಲ್ಲಿ ಮೈಮರೆತಿರುವಾಗ, ನೂರು ಹೆಜ್ಜೆ ಆಚೆ ಆಟದ ಪಿಸ್ತೂಲಿನ ಒಂದು ರೀಲ್ ಪಟಾಕಿ ಸಿಡಿಸಿ, ಅದು ಬೆದರದಿದ್ದರೆ ದಿನ ಕಳೆದಂತೆ ಹತ್ತಿರ ಬನ್ನಿ. ದೀಪಾವಳಿಯ ರಾತ್ರಿ ಪಟಾಕಿಯ ನಡುವೆ ನಿಲ್ಲಿಸಿದರೆ ರೂಢಿಯಾಗುವುದಿಲ್ಲ, ಹೆದರಿಕೆ ಶಾಶ್ವತವಾಗುತ್ತದೆ. ಗರಿಯ ಪರಿಚಯಕ್ಕೆ ಕೋಳಿ ಅಂಗಡಿಯಿಂದ ತಂದು ಒಣಗಿಸಿದ ರೆಕ್ಕೆಯನ್ನು ಡಮ್ಮಿಗೆ ಸುತ್ತಿ ಕಟ್ಟಿದರಾಯಿತು. ಜೀವಂತ ಹಕ್ಕಿಯನ್ನು ಬಳಸುವುದು ಕ್ರೌರ್ಯ, ಅಪರಾಧವೂ ಹೌದು.

ನೀರು ಮತ್ತು ಬಿಸಿಲು

ನೀರಿಗೆ ನಾಯಿಯನ್ನು ಎಂದೂ ಎತ್ತಿ ಹಾಕಬೇಡಿ. ಸೂಳೆಕೆರೆಯಂಥ ದೊಡ್ಡ ಕೆರೆಯ ಕಲ್ಲು ಕಟ್ಟಿದ ಏರಿಯ ಕಡೆಯಿಂದಲ್ಲ, ನೀರು ನಿಧಾನವಾಗಿ ಆಳವಾಗುವ ಅಂಚಿನಿಂದ, ಮೊಣಕಾಲುದ್ದ ನೀರಿಗೆ ನೀವೇ ಮೊದಲು ಇಳಿದು ಕರೆಯಿರಿ. ಈಜುವ ಹಳೆಯ ನಾಯಿ ಜೊತೆಗಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಭದ್ರಾ ಕಾಲುವೆ ಹತ್ತಿರದಲ್ಲಿದೆಯೆಂದು ಅಲ್ಲಿಗೆ ಒಯ್ಯಬಾರದು: ಸೆಳೆತ ಜೋರು, ಇಳಿಜಾರಾದ ಸಿಮೆಂಟಿನ ಬದಿಯನ್ನು ನಾಯಿ ಹತ್ತಲಾರದು, ಉಳಿಸಲು ಹಾರಿದ ಮನುಷ್ಯನೂ ಹತ್ತಲಾರ. ಬೇಸಿಗೆಯಲ್ಲಿ ಹಸಿರು ಬಣ್ಣದಂತೆ ಪಾಚಿ ತೇಲುವ ನೀರು ವಿಷವಾಗಿರಬಹುದು, ಅದನ್ನೂ ಬಿಡಿ.

ಈಜಿ ಬಂದ ನಾಯಿ ದಡದಲ್ಲಿ ಡಮ್ಮಿ ಬಿಸಾಡಿ ಮೈ ಕೊಡವುವುದು ಸಾಮಾನ್ಯ ದೋಷ. ನೀವು ನೀರಿನ ಅಂಚಿನಲ್ಲೇ ನಿಂತು, ಕೊಡವುವ ಮೊದಲೇ ಡಮ್ಮಿ ತೆಗೆದುಕೊಂಡು, ದಿನಕ್ಕೊಂದು ಹೆಜ್ಜೆಯಂತೆ ಹಿಂದೆ ಸರಿಯುತ್ತ ಹೋದರೆ ಇದು ತಾನಾಗಿ ಹೋಗುತ್ತದೆ.

ಫೆಬ್ರುವರಿ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಪಾಠವೆಲ್ಲ ಸೂರ್ಯ ಏರುವ ಮೊದಲೇ ಮುಗಿಯಬೇಕು. ನಾಲಿಗೆ ಅಗಲವಾಗಿ ಜೋತು, ಒಸಡು ಕಡುಗೆಂಪಾಗಿ, ನಡಿಗೆ ತೂರಾಡಿದರೆ ಬಿಸಿಲು ಬಡಿದಿದೆ ಎಂದು ತಿಳಿದು, ನೆರಳಿಗೆ ತಂದು, ಮೈಮೇಲೆಲ್ಲ ನೀರು ಸುರಿದು ಗಾಳಿ ಹಾಕುತ್ತ, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ. ಹೊಲದಿಂದ ಬಂದ ಪ್ರತಿ ದಿನವೂ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಪಟ್ಟಿಯ ಕೆಳಗೆ ಉಣ್ಣಿ ಮತ್ತು ಮುಳ್ಳು ಹುಡುಕಿ ತೆಗೆಯಬೇಕು. ಈಜಿದ ದಿನ ಕಿವಿಯನ್ನು ಒಣಬಟ್ಟೆಯಿಂದ ಒರೆಸದೆ ನಾಯಿಯನ್ನು ಮಲಗಲು ಬಿಡಬಾರದು.